ಹುಲ್ಲಿಗೆ ಬಿಟ್ಟ ಕುದುರೆಗಳು

ಪ್ರತಿ ವರ್ಷ ಆಗಸ್ಟ್ ತಿಂಗಳಲ್ಲಿ ನಾನೊಂದು ಹಳೆಯ ನೋಟ್‌ಬುಕ್ ತೆರೆದು, ಬರಲಿರುವ ಚಳಿಗಾಲದ ಜಂಪ್ ರೇಸಿಂಗ್‌ನಲ್ಲಿ, ಅಂದರೆ ಬೇಲಿಗಳನ್ನು ಹಾರುತ್ತಾ ಓಡುವ ಕುದುರೆ ಪಂದ್ಯಗಳಲ್ಲಿ, ಕಣ್ಣಿಟ್ಟು ನೋಡಬೇಕಾದ ಹನ್ನೆರಡು ಕುದುರೆಗಳ ಹೆಸರು ಬರೆದಿಡುತ್ತೇನೆ. ಬಾಜಿ ಕಟ್ಟುವುದಕ್ಕಾಗಿ ಅಲ್ಲ. ಆ ಅಭ್ಯಾಸ ನನಗಿಲ್ಲ. ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಕ್ಕದ ಊರಿಗೆ ಬಂದು ನೆಲೆಸಿದ ಮೊದಲ ವರ್ಷಗಳಲ್ಲಿ, ನಾಲ್ಕು ಗಂಟೆಗೇ ಕತ್ತಲಾಗುವ ನವೆಂಬರ್, ಡಿಸೆಂಬರ್‌ಗಳನ್ನು ಕಳೆಯುವುದೇ ಕಷ್ಟವಾಗಿದ್ದಾಗ, ಆ ತಿಂಗಳುಗಳಲ್ಲೂ ಎದುರು ನೋಡುವುದಕ್ಕೆ ಏನಾದರೊಂದು ಇರಲಿ ಎಂದು ಆರಂಭಿಸಿದ ಕೆಲಸ ಅದು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಈ ವರ್ಷ, 2025ರಲ್ಲಿ, ಮೂರು ವಾರದಿಂದ ಆ ಪುಟ ಖಾಲಿಯಾಗಿಯೇ ಉಳಿದಿದೆ. ಪೆನ್ನು ತೆಗೆದುಕೊಂಡಾಗಲೆಲ್ಲ ಹಿಂದಿನ ಪುಟ ತಿರುಗಿಸಿ ನೋಡುತ್ತೇನೆ. ಅಲ್ಲಿ ಕಳೆದ ವರ್ಷದ ಹನ್ನೆರಡು ಹೆಸರುಗಳ ನಡುವೆ, ಐದನೆಯದಾಗಿ, ಕಾರ್ಬೆಟ್ಸ್ ಕ್ರಾಸ್ ಎಂದಿದೆ. ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ 'ಗೋಲ್ಡ್ ಕಪ್‌ಗೆ?' ಎಂಬ ಪ್ರಶ್ನೆ. ಗೋಲ್ಡ್ ಕಪ್ ಎಂದರೆ ಚೆಲ್ಟನ್‌ಹ್ಯಾಮ್‌ನ ಮಾರ್ಚ್ ಉತ್ಸವದ ಅತಿ ದೊಡ್ಡ ಓಟ.

ಕಾರ್ಬೆಟ್ಸ್ ಕ್ರಾಸ್ 2024ರ ಮಾರ್ಚ್‌ನಲ್ಲಿ ಚೆಲ್ಟನ್‌ಹ್ಯಾಮ್ ಉತ್ಸವದ ನ್ಯಾಷನಲ್ ಹಂಟ್ ಚೇಸ್ ಎಂಬ, ಎತ್ತರದ ಬೇಲಿಗಳ ದೀರ್ಘ ಓಟವನ್ನು 17 ಲೆಂಗ್ತ್‌ಗಳಿಂದ (ಒಂದು ಲೆಂಗ್ತ್ ಎಂದರೆ ಒಂದು ಕುದುರೆಯ ಮೈಯುದ್ದ) ಗೆದ್ದ ಐರ್ಲೆಂಡಿನ ಕುದುರೆ. ಅಷ್ಟು ದೂರದ ಓಟದ ಕೊನೆಯಲ್ಲೂ ಅದರ ಹೆಜ್ಜೆ ಹಗುರವಾಗಿತ್ತು. ಅದಕ್ಕೂ ಹಿಂದಿನ ವರ್ಷ, ಇದೇ ಮೈದಾನದಲ್ಲಿ, ಕೊನೆಯ ಹರ್ಡಲ್ (ತಗ್ಗಿನ ಬೇಲಿ) ಹಾರುವ ಬದಲು ಬದಿಗೆ ಸರಿದು ಓಟದಿಂದಲೇ ಹೊರಬಿದ್ದಿದ್ದ ಕುದುರೆ ಅದು. ಹಾಗೆ ಎಡವಟ್ಟು ಮಾಡಿದ ಜಾಗಕ್ಕೇ ಮರಳಿ ಬಂದು ಗೆದ್ದದ್ದನ್ನು ಕಂಡು ನನಗೆ ಅದರ ಮೇಲೆ ವಿಶೇಷ ಮಮತೆ ಹುಟ್ಟಿತ್ತು. ನಾನು ಪ್ರಶ್ನೆಚಿಹ್ನೆ ಹಾಕಿ ಬರೆದ ಮಾತು ಅಕ್ಷರಶಃ ನಿಜವಾಯಿತು: 2025ರ ಮಾರ್ಚ್ 14ರಂದು ಅದು ಗೋಲ್ಡ್ ಕಪ್‌ನಲ್ಲಿ ಓಡಿತು, ಬಿತ್ತು, ಮತ್ತೆ ಏಳಲಿಲ್ಲ. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕೊರೆಯುತ್ತಿದೆ. ಬೇಸಿಗೆಯ ಬಿಸಿಲಿನಲ್ಲಿ ಕುಳಿತು ಕುದುರೆಯೊಂದರ ಹೆಸರಿನ ಮುಂದೆ 'ಭರವಸೆಯದು' ಎಂದು ಬರೆಯುವಾಗ, ನಾನು ಆ ಪ್ರಾಣಿಯಿಂದ ನಿಜವಾಗಿ ಏನನ್ನು ಕೇಳುತ್ತಿದ್ದೇನೆ?

ಕುಣಿಗಲ್‌ನ ಗೋಡೆಯಾಚೆ

ಕುದುರೆಗಳನ್ನು ನಾನು ಮೊದಲು ಕಂಡದ್ದು ಬಸ್ಸಿನ ಕಿಟಕಿಯಿಂದ. ತಾತನೊಂದಿಗೆ ಬೆಂಗಳೂರಿಗೆ ಹೋಗುವಾಗ ಕುಣಿಗಲ್ ಸ್ಟಡ್ ಫಾರ್ಮ್ ಬಂದೊಡನೆ ನಾನು ಕಿಟಕಿಯ ಕಡೆ ಜರುಗುತ್ತಿದ್ದೆ. ಮರಗಳ ನಡುವೆ ತಾಯಿ ಕುದುರೆಗಳು, ಅವುಗಳ ಹೊಟ್ಟೆಗೆ ಅಂಟಿಕೊಂಡಂತೆ ನಡೆಯುವ ಮರಿಗಳು ಒಂದು ಕ್ಷಣ ಕಂಡು ಮರೆಯಾಗುತ್ತಿದ್ದವು. ಈ ಮರಿಗಳು ಮುಂದೆ ಏನಾಗುತ್ತವೆ ಎಂದು ಕೇಳಿದರೆ ತಾತ ಹೇಳುತ್ತಿದ್ದರು: "ಬೆಂಗ್ಳೂರ್ಗೆ ಹೋಗಿ ಓಡ್ತವೆ ಮಗ. ಚೆನ್ನಾಗಿ ಓಡಿದ್ರೆ ತಿರುಗಾ ಇಂಥ ಜಾಗಕ್ಕೇ ಬೀಜಕ್ಕೆ ಬರ್ತವೆ." ಬೇಲಿಗಳಿಲ್ಲದ ಫ್ಲಾಟ್ ರೇಸಿಂಗ್‌ನ ಇಡೀ ಅರ್ಥಶಾಸ್ತ್ರ ಆ ಎರಡು ಮಾತುಗಳಲ್ಲಿದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಇಂಗ್ಲೆಂಡಿನ ಡರ್ಬಿ ಮೂರು ವರ್ಷದ ಕುದುರೆಗಳ ಓಟ. ಅದನ್ನು ಗೆದ್ದ ಗಂಡು ಕುದುರೆಯ ಬೆಲೆ ಅದರ ಕಾಲಿನಿಂದ ಬೀಜಕ್ಕೆ ವರ್ಗವಾಗಿಬಿಡುತ್ತದೆ. ಜನ ಅದರ ಹೆಸರನ್ನು ಬಾಯಿಗೆ ಹತ್ತಿಸಿಕೊಳ್ಳುವಷ್ಟರಲ್ಲಿ ಅದು ಓಡುವುದನ್ನು ನಿಲ್ಲಿಸಿ ಸ್ಟಡ್ ಸೇರಿರುತ್ತದೆ.

ಜಂಪ್ ರೇಸಿಂಗ್‌ನ ಲೆಕ್ಕ ಇದಕ್ಕೆ ತಲೆಕೆಳಗು. ಇಲ್ಲಿ ಓಡುವ ಗಂಡು ಕುದುರೆಗಳಲ್ಲಿ ಬಹುಪಾಲು ಬೀಜ ಒಡೆಸಿದವು. ಗೆದ್ದರೂ ಸೋತರೂ ಅವುಗಳ ವಂಶ ಮುಂದುವರಿಯುವುದಿಲ್ಲ; ಅವುಗಳಿಗೆ ಇರುವ ಮುಂದಿನ ದಿನವೆಂದರೆ ಮುಂದಿನ ಓಟದ ದಿನ ಮಾತ್ರ. ಆದ್ದರಿಂದಲೇ ಅವು ವರ್ಷ ವರ್ಷವೂ ಮರಳಿ ಬರುತ್ತವೆ. ಐದು ವರ್ಷದ್ದಾಗಿದ್ದಾಗ ಅಂಜುತ್ತಾ ಮೊದಲ ಹರ್ಡಲ್ ದಾಟಿದ ಕುದುರೆಯನ್ನು ಎಂಟು, ಒಂಬತ್ತನೆಯ ವಯಸ್ಸಿನಲ್ಲಿ ಅದರ ಪೂರ್ಣ ಪ್ರೌಢಿಮೆಯಲ್ಲಿ ನೋಡಬಹುದು. ರೆಡ್ ರಮ್ ಎಂಬ ಕುದುರೆ 1973, 1974ರಲ್ಲಿ ಗ್ರ್ಯಾಂಡ್ ನ್ಯಾಷನಲ್ ಎಂಬ ಪ್ರಸಿದ್ಧ ಜಂಪ್ ಓಟ ಗೆದ್ದು, ನಡುವೆ ಎರಡು ವರ್ಷ ಎರಡನೆಯ ಸ್ಥಾನಕ್ಕೆ ಇಳಿದು, 1977ರಲ್ಲಿ ತನ್ನ ಹನ್ನೆರಡನೆಯ ವಯಸ್ಸಿನಲ್ಲಿ ಮೂರನೆಯ ಬಾರಿ ಗೆದ್ದಿತು. ಕೌಟೊ ಸ್ಟಾರ್ ಕೆಂಪ್ಟನ್‌ನ ಕಿಂಗ್ ಜಾರ್ಜ್ ಚೇಸನ್ನು ಐದನೆಯ ಸಲ ಗೆದ್ದದ್ದು 2011ರ ಡಿಸೆಂಬರ್‌ನಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ. ಈ ನಾಡಿನ ಸಾಮಾನ್ಯ ಜನರು ಅಂಥ ಕುದುರೆಗಳ ಬಗ್ಗೆ ಮಾತನಾಡುವಾಗ, ಊರಿನಲ್ಲಿ ಹತ್ತಾರು ವರ್ಷ ಕಂಡ ಹಿರಿಯರೊಬ್ಬರ ಬಗ್ಗೆ ಮಾತನಾಡಿದಂತಿರುತ್ತದೆ. ಬೀಜವಿಲ್ಲದ ಪ್ರಾಣಿಗೆ ಇಷ್ಟೊಂದು ನೆನಪು ಸಿಕ್ಕಿರುವುದು ನನಗೆ ಯಾವಾಗಲೂ ದೊಡ್ಡ ಸಂಗತಿಯಾಗಿ ಕಂಡಿದೆ.

ಮುಂದಿನ ಋತುವನ್ನು ಕಾಯುವುದು ಈ ಆಟದ ರಚನೆಯಲ್ಲಿಯೇ ಇದೆ. ಐರ್ಲೆಂಡಿನಲ್ಲಿ ಜಂಪ್ ಓಟಕ್ಕೆಂದು ಹುಟ್ಟಿದ ಎಷ್ಟೋ ಮರಿಗಳನ್ನು ಮೂರು ವರ್ಷ ತುಂಬುವವರೆಗೂ ಹುಲ್ಲುಗಾವಲಿನಲ್ಲಿ ಬೆಳೆಯಲು ಬಿಟ್ಟು, ಬೆನ್ನ ಮೇಲೆ ಜೀನು ಬೀಳುವ ಮೊದಲೇ ಬೇಸಿಗೆಯ ಹರಾಜಿಗೆ ತರುತ್ತಾರೆ. ಕೊಳ್ಳುವವರು ನೋಡುವುದು ತಾಯಿಯ ವಂಶ, ಎಲುಬಿನ ದಪ್ಪ, ನಡಿಗೆ, ಅಷ್ಟೇ. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ತಾತ ಹೋರಿಕರುವಿನ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ ಕೊನೆಗೆ ಸುಮ್ಮನೆ ಅದರ ಕಣ್ಣನ್ನೇ ದಿಟ್ಟಿಸುತ್ತಾ ನಿಲ್ಲುತ್ತಿದ್ದುದು ನನಗೆ ಇಲ್ಲಿ ನೆನಪಾಗುತ್ತದೆ. ಹೀಗೆ ಕೊಂಡ ಕುದುರೆ ಮೊದಲು ಬೇಲಿಗಳಿಲ್ಲದ 'ಬಂಪರ್' ಓಟದಲ್ಲಿ ಓಡಿ ಗುಂಪಿನ ಗದ್ದಲಕ್ಕೆ ಒಗ್ಗಿಕೊಳ್ಳುತ್ತದೆ. ಮರುವರ್ಷ ಮೂರೂವರೆ ಅಡಿ ಎತ್ತರದ ಹರ್ಡಲ್‌ಗಳು; ಆಮೇಲೆ, ದೇಹ ತುಂಬಿದ್ದರೆ, ಕನಿಷ್ಠ ನಾಲ್ಕೂವರೆ ಅಡಿಯ ಗಟ್ಟಿ ಬೇಲಿಗಳು. ಪ್ರತಿ ಮೆಟ್ಟಿಲಿಗೂ ಒಂದೊಂದು ಚಳಿಗಾಲ ಬೇಕು.

ತಣ್ಣಗಿನ ಕಾಲು

ಕೆಲವು ವರ್ಷಗಳ ಹಿಂದೆ ಗುಡ್ ಫ್ರೈಡೇ ದಿನ ಲ್ಯಾಂಬೋರ್ನ್‌ಗೆ ಹೋಗಿದ್ದೆ. ಆ ಹಳ್ಳಿಯ ಸುತ್ತಮುತ್ತ ಬಹಳಷ್ಟು ಟ್ರೇನರ್‌ಗಳ ಲಾಯಗಳಿವೆ. ಆ ದಿನ ಅವರು ಬಾಗಿಲು ತೆರೆದು ಸಾರ್ವಜನಿಕರನ್ನು ಒಳಗೆ ಬಿಡುತ್ತಾರೆ. ಪ್ರಸಿದ್ಧ ಕುದುರೆಗಳ ಮುಂದೆ ಜನ ಸಾಲುಗಟ್ಟಿದ್ದರು. ನಾನು ಗದ್ದಲ ತಪ್ಪಿಸಿಕೊಂಡು ಅಂಗಳದ ಮೂಲೆಯಲ್ಲಿದ್ದ ಒಂದು ಲಾಯದ ಬಳಿ ನಿಂತೆ. ಒಳಗೆ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಕಂದು ಕುದುರೆಯೊಂದರ ಮುಂಗಾಲ ಬಳಿ ಕುಕ್ಕುರುಗಾಲಿನಲ್ಲಿ ಕುಳಿತು, ಮಂಡಿಯ ಕೆಳಗಿನ ಹಿಂಭಾಗವನ್ನು ಮೇಲಿನಿಂದ ಕೆಳಕ್ಕೆ ಅಂಗೈಯಿಂದ ನಿಧಾನವಾಗಿ ಸವರುತ್ತಿದ್ದಳು. ಒಂದು ಕಾಲು ಮುಗಿಸಿ ಇನ್ನೊಂದು, ಮತ್ತೆ ಮೊದಲಿನದು. ಏನು ಮಾಡುತ್ತಿದ್ದೀರಿ ಎಂದು ಕೇಳಿದೆ. ಬೆಳಿಗ್ಗೆ ಎದ್ದು ಮಾಡುವ ಮೊದಲ ಕೆಲಸ ಇದೇ ಎಂದಳು. ಅಲ್ಲಿರುವ ಸ್ನಾಯುರಜ್ಜು ಒಂದು ಎಳೆಯಷ್ಟು ಹರಿದರೂ ಆ ಜಾಗ ಬೆಚ್ಚಗಾಗುತ್ತದೆ. ಕಣ್ಣಿಗೆ ಊತ ಕಾಣುವುದಕ್ಕೆ ಮೊದಲೇ ಅಂಗೈಗೆ ತಿಳಿಯುತ್ತದೆ. ತಿಳಿದೊಡನೆ ಓಡಿಸುವುದನ್ನು ನಿಲ್ಲಿಸಿದರೆ ಕುದುರೆ ಉಳಿಯುತ್ತದೆ, ಇಲ್ಲದಿದ್ದರೆ ಒಂದು ಇಡೀ ವರ್ಷ ಹೋಯಿತು, ಕೆಲವೊಮ್ಮೆ ಎಲ್ಲವೂ ಹೋಯಿತು ಎಂದು ವಿವರಿಸಿದಳು. ಆಮೇಲೆ ನನ್ನನ್ನು ಒಳಗೆ ಕರೆದು, ನನ್ನ ಕೈ ಹಿಡಿದು ಆ ಜಾಗದ ಮೇಲಿಟ್ಟಳು. ಬಿಗಿದ ಹುರಿಯಂತೆ ಇತ್ತು. ಬಾವಿಯ ಕಟ್ಟೆಯ ಕಲ್ಲಿನಷ್ಟು ತಣ್ಣಗಿತ್ತು. "ತಣ್ಣಗಿದ್ದರೆ ಒಳ್ಳೆಯದು," ಎಂದಳು.

ಐನೂರು ಕಿಲೋ ತೂಕದ ಪ್ರಾಣಿಯೊಂದು ಬೇಲಿ ದಾಟಿ ಇಳಿಯುವಾಗ ಆ ಭಾರವೆಲ್ಲ ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ಆ ಹುರಿಯನ್ನು ಜಗ್ಗುತ್ತದೆ. ಆ ದಿನದ ಮೇಲೆ ಭರವಸೆಯ ಕುದುರೆ ಎಂಬ ಮಾತು ನನಗೆ ಮೊದಲಿನಂತೆ ಕೇಳಿಸಿಲ್ಲ. ಗೆದ್ದ ಅಂತರ, ಸೋಲಿಸಿದ ಕುದುರೆಗಳ ಪಟ್ಟಿ, ಗಡಿಯಾರದ ಲೆಕ್ಕ ಇವೆಲ್ಲ ಪತ್ರಿಕೆಗಳಲ್ಲಿ ಸಿಗುತ್ತವೆ. ಆದರೆ ಮುಂದಿನ ಋತು ನಿಂತಿರುವುದು ಎಲ್ಲೋ ಒಂದು ಲಾಯದಲ್ಲಿ, ಬೆಳಗಿನ ಆರು ಗಂಟೆಗೆ, ಸಂಬಳ ಹೆಚ್ಚಿಲ್ಲದ ಯಾರದೋ ಅಂಗೈಗೆ ತಣ್ಣಗೆ ತಾಗುವ ಒಂದು ಕಾಲಿನ ಮೇಲೆ.

ಬೇಸಿಗೆಯಲ್ಲಿ ದೊಡ್ಡ ಕುದುರೆಗಳ ಲಾಳ ಕಳಚಿ ಹುಲ್ಲಿಗೆ ಬಿಡುವುದು ಈ ಕಾರಣಕ್ಕೇ. ಅವು ಹೊಟ್ಟೆ ಬೆಳೆಸಿಕೊಂಡು, ಕೆಸರಿನಲ್ಲಿ ಹೊರಳಾಡಿ, ಒಂದು ತಿಂಗಳು ತಮ್ಮ ಪಾಡಿಗೆ ತಾವು ಕುದುರೆಗಳಾಗಿಯೇ ಇರುತ್ತವೆ. ಜುಲೈ, ಆಗಸ್ಟ್ ಹೊತ್ತಿಗೆ ಮತ್ತೆ ಲಾಳ ಹೊಡೆಸಿಕೊಂಡು, ಮೊದಲು ವಾರಗಟ್ಟಲೆ ನಡಿಗೆ, ಆಮೇಲೆ ಸಣ್ಣ ಓಟ, ಆಮೇಲೆ ಗುಡ್ಡ ಹತ್ತುವ ಅಭ್ಯಾಸ. ಈ ವರ್ಷ ವಸಂತ ಒಣಗಿತು, ಬೇಸಿಗೆಯೂ ಹಾಗೆಯೇ ಸುಡುತ್ತಿದೆ. ನಮ್ಮ ಮನೆಯಿಂದ ಕಾಣುವ ಕ್ಲೀವ್ ಹಿಲ್ ಹಳದಿಯಾಗಿದೆ. ಮಳೆ ಬಂದು ನೆಲ ಮೆತ್ತಗಾಗುವವರೆಗೆ ಒಳ್ಳೆಯ ಟ್ರೇನರ್ ಯಾರೂ ತನ್ನ ಒಳ್ಳೆಯ ಕುದುರೆಯನ್ನು ಆಚೆ ತೆಗೆಯುವುದಿಲ್ಲ.

ಮಾರ್ಚ್ 11ರ ಮಧ್ಯಾಹ್ನ

ಈ ವರ್ಷದ ಚೆಲ್ಟನ್‌ಹ್ಯಾಮ್ ಉತ್ಸವದ ಮೊದಲ ದಿನ, ಹರ್ಡಲ್ ಕುದುರೆಗಳ ಅತಿ ದೊಡ್ಡ ಓಟವಾದ ಚಾಂಪಿಯನ್ ಹರ್ಡಲ್ ನಡೆದಾಗ, ನಾನು ಮೈದಾನದಲ್ಲಿದ್ದೆ. ಎಲ್ಲರೂ ನೋಡಲು ಬಂದದ್ದು ಕಾನ್‌ಸ್ಟಿಟ್ಯೂಷನ್ ಹಿಲ್‌ನನ್ನು. 2022ರಲ್ಲಿ ಹರ್ಡಲ್‌ಗೆ ಹೊಸದಾಗಿ ಬಂದ ಕುದುರೆಗಳ ಸುಪ್ರೀಮ್ ನಾವಿಸಸ್ ಹರ್ಡಲನ್ನು 22 ಲೆಂಗ್ತ್‌ಗಳಿಂದ ಗೆದ್ದು, 2023ರಲ್ಲಿ ಚಾಂಪಿಯನ್ ಆಗಿ, 2024ರಲ್ಲಿ ಅನಾರೋಗ್ಯದಿಂದ ಬರಲಾಗದೆ ಉಳಿದು, ಸೋಲನ್ನೇ ಕಾಣದೆ ಮರಳಿದ್ದ ಕುದುರೆ. ಐದನೆಯ ಹರ್ಡಲ್‌ನಲ್ಲಿ ಅದು ಬಿತ್ತು. ಅಷ್ಟು ಸಾವಿರ ಜನರ ಬಾಯಿಂದ ಹೊರಟ ಸದ್ದು ಕೂಗಾಗಿರಲಿಲ್ಲ. ಒಟ್ಟಿಗೆ ಉಸಿರು ಒಳಗೆಳೆದುಕೊಂಡ ಸದ್ದಾಗಿತ್ತು. ಓಟ ಮುಂದೆ ಹೋಗುತ್ತಿದ್ದರೂ ನನ್ನ ಸುತ್ತ ನಿಂತವರಲ್ಲಿ ಅರ್ಧದಷ್ಟು ಜನ ಹಿಂದೆ ತಿರುಗಿ ಬಿದ್ದ ಕುದುರೆಯನ್ನೇ ನೋಡುತ್ತಿದ್ದರು. ಅದು ಎದ್ದಿತು. ಅಷ್ಟರಲ್ಲಿ ಹಿಂದಿನ ವರ್ಷದ ವಿಜೇತ ಸ್ಟೇಟ್ ಮ್ಯಾನ್ ನಿಚ್ಚಳವಾಗಿ ಮುಂದಿದ್ದು ಕೊನೆಯ ಹರ್ಡಲ್‌ಗೆ ಬಂತು, ಅದೂ ಬಿತ್ತು. ಬಾಜಿಯಲ್ಲಿ 25ಕ್ಕೆ 1ರ ದರದಲ್ಲಿದ್ದ, ಗೆಲ್ಲಬಹುದೆಂದು ಹೆಚ್ಚು ಜನ ನಂಬಿರದ ಗೋಲ್ಡನ್ ಏಸ್ ಎಂಬ ಹೆಣ್ಣು ಕುದುರೆ, ಸಾಮರ್‌ಸೆಟ್‌ನ ಜೆರೆಮಿ ಸ್ಕಾಟ್ ಅವರ ಸಣ್ಣ ಲಾಯದ್ದು, ಒಂಬತ್ತು ಲೆಂಗ್ತ್‌ಗಳಿಂದ ಗೆದ್ದಿತು.

ಜನ ಅದನ್ನು ಅದೃಷ್ಟದ ಗೆಲುವು ಎಂದರು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಎಂಟು ಹರ್ಡಲ್‌ಗಳನ್ನೂ ದಾಟಿ ನಿಂತ ಕಾಲಿನ ಮೇಲೆ ಗುರಿ ಮುಟ್ಟುವುದೇ ಈ ಆಟದ ಮೊದಲ ಷರತ್ತು. ಗೋಲ್ಡನ್ ಏಸ್ ಅದನ್ನು ಪೂರೈಸಿತು. ಬಿದ್ದವೆರಡೂ ಕುದುರೆಗಳು ಪೆಟ್ಟಿಲ್ಲದೆ ಎದ್ದವು, ಮತ್ತು ಅದರ ಮುಂದಿನ ಕಥೆ ಎರಡರದೂ ಬೇರೆ ಬೇರೆ. ಸ್ಟೇಟ್ ಮ್ಯಾನ್ ಏಳು ವಾರಗಳ ನಂತರ ಐರ್ಲೆಂಡಿನ ಪಂಚ್‌ಸ್ಟೌನ್‌ನಲ್ಲಿ ಓಡಿ ಗೆದ್ದಿತು. ಕಾನ್‌ಸ್ಟಿಟ್ಯೂಷನ್ ಹಿಲ್ ಮುಂದಿನ ತಿಂಗಳು ಲಿವರ್‌ಪೂಲ್ ಬಳಿಯ ಏನ್‌ಟ್ರೀ ಮೈದಾನದಲ್ಲಿ ಮತ್ತೆ ಬಿತ್ತು, ಪಂಚ್‌ಸ್ಟೌನ್‌ನಲ್ಲಿ ಐದನೆಯದಾಗಿ ಸಪ್ಪೆಯಾಗಿ ಬಂತು. ಪೆಟ್ಟು ಮೈಗೆ ಆಗದಿದ್ದರೂ ನಂಬಿಕೆಗೆ ಆಗಿರಬಹುದು. ಗ್ಯಾಲೊಪಿನ್ ದೆ ಶಾಂ 2022ರ ಉತ್ಸವದಲ್ಲಿ ಓಟವನ್ನು ಗೆದ್ದೇಬಿಟ್ಟಂತೆ ಬಂದು ಕೊನೆಯ ಬೇಲಿಯಲ್ಲಿ ಮುಗ್ಗರಿಸಿ ಬಿದ್ದು, ಮುಂದಿನ ಎರಡು ವರ್ಷ ಗೋಲ್ಡ್ ಕಪ್ ಗೆದ್ದದ್ದೂ ಇದೆ. ಯಾವ ಕುದುರೆ ಬೀಳುವುದರಿಂದ ಕಲಿಯುತ್ತದೆ, ಯಾವುದು ಅದನ್ನು ಮರೆಯಲಾರದು ಎಂಬುದನ್ನು ಆಗಸ್ಟ್‌ನಲ್ಲಿ ಕುಳಿತು ಹೇಳುವುದು ಯಾರಿಗೂ ಸಾಧ್ಯವಿಲ್ಲ.

ಅದೇ ಉತ್ಸವದ ಎರಡನೆಯ ದಿನ ಮರೀನ್ ನ್ಯಾಷನೇಲ್ ಚಾಂಪಿಯನ್ ಚೇಸ್ ಗೆದ್ದಾಗ ಮೈದಾನದಲ್ಲಿ ಬಹಳ ಜನ ಅತ್ತರು. ಆ ಕುದುರೆಯ ಮೇಲೆ ಕುಳಿತು 2023ರಲ್ಲಿ ಸುಪ್ರೀಮ್ ಗೆದ್ದುಕೊಟ್ಟಿದ್ದ ಮೈಕೆಲ್ ಒ'ಸಲಿವನ್, ಥರ್ಲ್ಸ್ ಮೈದಾನದಲ್ಲಿ ಬಿದ್ದು, ಫೆಬ್ರವರಿಯಲ್ಲಿ ತೀರಿಹೋಗಿದ್ದರು. 24 ವರ್ಷ. ಮನುಷ್ಯನೂ ಪ್ರಾಣಿಯೂ ಒಂದೇ ಬೇಲಿಗೆ ತಮ್ಮನ್ನು ಒಡ್ಡಿಕೊಳ್ಳುತ್ತಾರೆ ನಿಜ; ಆದರೆ ಮನುಷ್ಯ ತಿಳಿದು ಒಡ್ಡಿಕೊಳ್ಳುತ್ತಾನೆ, ಕುದುರೆಗೆ ಆ ಆಯ್ಕೆಯನ್ನು ಯಾರೂ ಕೊಟ್ಟಿರುವುದಿಲ್ಲ. ಈ ಅಂತರವನ್ನು ಮುಚ್ಚಿಡುವ ಯಾವ ವಾದವನ್ನೂ ನಾನು ಒಪ್ಪಲಾರೆ. ಕುದುರೆಯ ಕಣ್ಣಿಗೆ ಕಿತ್ತಳೆ ಬಣ್ಣ ಹಸಿರಿನಿಂದ ಸರಿಯಾಗಿ ಬೇರ್ಪಡುವುದಿಲ್ಲ ಎಂದು ಎಕ್ಸೆಟರ್ ವಿಶ್ವವಿದ್ಯಾಲಯದ ಅಧ್ಯಯನ ತೋರಿಸಿದ ಮೇಲೆ, 2022ರಿಂದ ಬ್ರಿಟನ್ನಿನ ಮೈದಾನಗಳಲ್ಲಿ ಬೇಲಿಗಳ ಅಂಚಿಗೆ ಕಿತ್ತಳೆಯ ಬದಲು ಬಿಳಿ ಬಣ್ಣ ಬಂತು. ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಓಡುವ ಕುದುರೆಗಳ ಸಂಖ್ಯೆಯನ್ನು 2024ರಿಂದ 40ರಿಂದ 34ಕ್ಕೆ ಇಳಿಸಿ, ಮೊದಲ ಬೇಲಿಯನ್ನು ಆರಂಭದ ಗೆರೆಗೆ ಹತ್ತಿರ ತಂದರು. ಅಷ್ಟು ವರ್ಷ ಕುದುರೆಗೆ ಕಾಣದ ಬಣ್ಣವನ್ನು ಕುದುರೆಗಾಗಿಯೇ ಬಳಿಯುತ್ತಿದ್ದೆವು ಎಂಬುದನ್ನು ಯೋಚಿಸಿದರೆ, ಇನ್ನೂ ಕೇಳದೆ ಉಳಿದ ಪ್ರಶ್ನೆಗಳು ಎಷ್ಟಿರಬಹುದು ಎನ್ನಿಸುತ್ತದೆ.

ಈ ವರ್ಷದ ಪುಟ

ನಿನ್ನೆ ರಾತ್ರಿ ಕೊನೆಗೂ ಬರೆಯಲು ಕುಳಿತೆ. ಹನ್ನೆರಡು ಹೆಸರುಗಳ ಹಟವನ್ನು ಕೈಬಿಟ್ಟಿದ್ದೇನೆ.

ಮೊದಲು ಬರೆದದ್ದು ಸರ್ ಜೀನೋ. ನಿಕಿ ಹೆಂಡರ್‌ಸನ್ ಅವರ ಲಾಯದ ಐದು ವರ್ಷದ ಈ ಕುದುರೆ ಇನ್ನೂ ಸೋತಿಲ್ಲ. ಆದರೂ ಚೆಲ್ಟನ್‌ಹ್ಯಾಮ್ ಉತ್ಸವದಲ್ಲಿ ಒಮ್ಮೆಯೂ ಓಡಿಲ್ಲ. 2024ರಲ್ಲಿ ಇಡೀ ಲಾಯದ ಕುದುರೆಗಳೇ ಮಂಕಾಗಿದ್ದವು, ಆದ್ದರಿಂದ ತಡೆದು ನಿಲ್ಲಿಸಿದರು. ಕಳೆದ ಡಿಸೆಂಬರ್‌ನಲ್ಲಿ ಕೆಂಪ್ಟನ್‌ನಲ್ಲಿ ಮೊದಲ ಸಲ ದೊಡ್ಡ ಬೇಲಿಗಳ ಮುಂದೆ ಬಂದು, ಬ್ಯಾಲಿಬರ್ನ್‌ನಂಥ ಕುದುರೆಯನ್ನು ಸೋಲಿಸಿತು. ಆ ದಿನ ಅದು ಬೇಲಿಗೆ ಮೂರು ಹೆಜ್ಜೆ ಇರುವಾಗಲೇ ತನ್ನ ಅಳತೆಯನ್ನು ತಾನೇ ತೆಗೆದುಕೊಂಡು ಹಾರುತ್ತಿದ್ದ ರೀತಿಯನ್ನು ನಾನು ಹತ್ತಾರು ಬಾರಿ ವಿಡಿಯೊದಲ್ಲಿ ನೋಡಿದ್ದೇನೆ. ಕೆಲವೇ ವಾರಗಳಲ್ಲಿ ಕಾಲಿಗೆ ಸೋಂಕು ತಗುಲಿ ಉಳಿದ ಋತುವೆಲ್ಲ ಹೋಯಿತು. ಅದರ ಹೆಸರಿನ ಮುಂದೆ ಯಾವ ಓಟದ ಹೆಸರನ್ನೂ ಬರೆದಿಲ್ಲ.

ಎರಡನೆಯದು ದಿ ನ್ಯೂ ಲಯನ್. ವಾರಿಕ್‌ಷೈರ್‌ನ ಡ್ಯಾನ್ ಸ್ಕೆಲ್ಟನ್ ಅದರ ಟ್ರೇನರ್, ಅವರ ತಮ್ಮ ಹ್ಯಾರಿ ಅದರ ಜಾಕಿ. ಕಳೆದ ಚಳಿಗಾಲದಲ್ಲಿ ನ್ಯೂಬರಿಯಲ್ಲಿ ಚಾಲೊ ಹರ್ಡಲ್ ಗೆದ್ದು, ಮಾರ್ಚ್‌ನಲ್ಲಿ ಟರ್ನರ್ಸ್ ನಾವಿಸಸ್ ಹರ್ಡಲ್ ಗೆದ್ದ, ಇದುವರೆಗೆ ಸೋಲರಿಯದ ಕುದುರೆ. ದೊಡ್ಡ ಓಟಗಳೆಲ್ಲ ಐರ್ಲೆಂಡಿಗೆ, ಅದರಲ್ಲೂ ವಿಲ್ಲಿ ಮುಲಿನ್ಸ್ ಅವರ ಲಾಯಕ್ಕೆ ಹೋಗುತ್ತಿರುವ ಈ ಕಾಲದಲ್ಲಿ ಇಂಗ್ಲೆಂಡಿನವರ ಆಸೆಯೆಲ್ಲ ಇದರ ಮೇಲೆ ಕುಳಿತಿದೆ. ಇದನ್ನು ಅವಸರಪಟ್ಟು ಬೇಲಿಗಳ ಕಡೆ ತಿರುಗಿಸದೆ ಇನ್ನೊಂದು ವರ್ಷ ಹರ್ಡಲ್‌ನಲ್ಲೇ ಓಡಿಸಲಿ ಎಂಬುದು ನನ್ನ ಆಸೆ. ಚಾಂಪಿಯನ್ ಹರ್ಡಲ್‌ನ ಗದ್ದುಗೆ ಈಗ ಯಾರದೂ ಗಟ್ಟಿಯಾಗಿಲ್ಲ. ಅದೇ ಓಟಕ್ಕೆ ಮುಲಿನ್ಸ್ ಅವರ ಬಳಿ ಲಾಸಿಮತ್ ಎಂಬ ಬೂದು ಬಣ್ಣದ ಹೆಣ್ಣು ಕುದುರೆ ಇದೆ, ಈ ವರ್ಷದ ಸುಪ್ರೀಮ್ ಗೆದ್ದ ಕೋಪೆಕ್ ದೆ ಬೋರ್ಡ್ ಕೂಡ ಇದೆ. ಕೋಪೆಕ್‌ನ ವೇಗ ನನ್ನನ್ನು ಬೆರಗಾಗಿಸುತ್ತದೆ, ಅದರ ಅವಸರ ಹೆದರಿಸುತ್ತದೆ. ಓಟ ಆರಂಭವಾಗುವ ಮೊದಲೇ ಅರ್ಧ ಶಕ್ತಿಯನ್ನು ಚಡಪಡಿಕೆಯಲ್ಲಿ ಕಳೆಯುವ ಕುದುರೆ ಒಂದು ವರ್ಷ ಬೆಳೆದು ಶಾಂತವಾದರೆ ಅದನ್ನು ಹಿಡಿಯುವವರಿಲ್ಲ.

ಗೋಲ್ಡ್ ಕಪ್‌ನ ಮಾತು ಬಂದಾಗ ಪೆನ್ನು ಮತ್ತೆ ನಿಂತಿತು. ಈ ವರ್ಷ ಗೆದ್ದ ಐನೋದವೇಯರ್‌ಥಿಂಕಿನ್‌ನ ಟ್ರೇನರ್ ಗ್ಯಾವಿನ್ ಕ್ರಾಮ್‌ವೆಲ್ ಮೊದಲು ಬೇರೆಯವರ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದವರು. ಗೊರಸನ್ನು ಮಡಿಲಲ್ಲಿಟ್ಟುಕೊಂಡು ಕಲಿತ ವಿದ್ಯೆ ಅವರದು ಎಂಬುದೇ ನನಗೆ ಆ ಕುದುರೆಯ ಮೇಲೆ ವಿಶ್ವಾಸ ಹುಟ್ಟಿಸುತ್ತದೆ. ಅದಕ್ಕಿನ್ನೂ ಏಳು ವರ್ಷ. ಅದರ ಎದುರು ಸೋತ ಗ್ಯಾಲೊಪಿನ್ ದೆ ಶಾಂ ಏಪ್ರಿಲ್ ಕೊನೆಯಲ್ಲಿ ಪಂಚ್‌ಸ್ಟೌನ್‌ನಲ್ಲಿ 22 ಲೆಂಗ್ತ್‌ಗಳಿಂದ ಗೆದ್ದು ತಾನಿನ್ನೂ ಮುಗಿದಿಲ್ಲ ಎಂದು ತೋರಿಸಿತು. ಬರುವ ಮಾರ್ಚ್‌ಗೆ ಅದಕ್ಕೆ ಹತ್ತು ತುಂಬಿರುತ್ತದೆ. 1998ರಲ್ಲಿ ಕೂಲ್ ಡಾನ್ ಗೆದ್ದ ಮೇಲೆ ಹತ್ತು ವರ್ಷದ ಕುದುರೆ ಗೋಲ್ಡ್ ಕಪ್ ಗೆದ್ದಿಲ್ಲ, ಮತ್ತು ಕಳೆದುಕೊಂಡ ಗೋಲ್ಡ್ ಕಪ್ಪನ್ನು ಮರಳಿ ಪಡೆದ ಕುದುರೆ ಇಡೀ ಇತಿಹಾಸದಲ್ಲಿ ಕೌಟೊ ಸ್ಟಾರ್ ಒಂದೇ. ಲೆಕ್ಕ ಅದರ ವಿರುದ್ಧವಿದೆ. ನನ್ನ ಮನಸ್ಸು ಅದರ ಪರವಾಗಿದೆ. ಎರಡೂ ಹೆಸರುಗಳನ್ನು ಅಕ್ಕಪಕ್ಕದಲ್ಲಿ ಬರೆದೆ.

ಕೊನೆಯದಾಗಿ ಬಂಬಿನೊ ಫೀವರ್, ಈ ವರ್ಷ ಚಾಂಪಿಯನ್ ಬಂಪರ್ ಗೆದ್ದ ಹೆಣ್ಣು ಕುದುರೆ. ಹರ್ಡಲ್ ಓಟದಲ್ಲಿ ಅದನ್ನು ನಾವ್ಯಾರೂ ಇನ್ನೂ ನೋಡಿಲ್ಲ. ಮೊದಲ ಹರ್ಡಲ್ ಎದುರಾದಾಗ ಅದು ಕಿವಿ ಮುಂದಕ್ಕೆ ನಿಮಿರಿಸುತ್ತದೋ ಹಿಂದಕ್ಕೆ ಒರಗಿಸುತ್ತದೋ ಎಂಬುದನ್ನು ನೋಡಬೇಕೆಂಬ ಕುತೂಹಲವೇ ಅದನ್ನು ಬರೆಯುವುದಕ್ಕೆ ಕಾರಣ. ಅಲ್ಲಿಗೆ ಏಳು ಹೆಸರಾಯಿತು. ಉಳಿದ ಐದು ಸಾಲುಗಳನ್ನು ಖಾಲಿ ಬಿಟ್ಟೆ. ಇನ್ನೂ ಒಮ್ಮೆಯೂ ಓಡದ, ಹೆಸರು ಸಹ ಪತ್ರಿಕೆಯಲ್ಲಿ ಬಂದಿರದ ನಾಲ್ಕು ವರ್ಷದ ಕುದುರೆಗಳು ಈಗ ಎಲ್ಲೆಲ್ಲೋ ಗುಡ್ಡ ಹತ್ತುತ್ತಿವೆ.

ಹಿಂದಿನ ಪುಟದಲ್ಲಿ ಕಾರ್ಬೆಟ್ಸ್ ಕ್ರಾಸ್ ಪಕ್ಕದ ಪ್ರಶ್ನೆಚಿಹ್ನೆಯನ್ನು ಹೊಡೆದುಹಾಕಬೇಕೆಂದು ಹಲವು ಬಾರಿ ಅನ್ನಿಸಿದೆ. ಹಾಕಿಲ್ಲ. ಈ ವರ್ಷದ ಹೆಸರುಗಳ ಪಕ್ಕದಲ್ಲಿ ಓಟದ ಹೆಸರಿರುತ್ತಿದ್ದ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಪ್ರತಿ ಓಟ ಮುಗಿದ ಮೇಲೆ, ಗೆದ್ದಿರಲಿ ಸೋತಿರಲಿ, ಕುದುರೆ ತನ್ನ ಕಾಲ ಮೇಲೆ ಲಾಯಕ್ಕೆ ಮರಳಿದ ದಿನಾಂಕವನ್ನು ಅಲ್ಲಿ ಬರೆಯುವುದೆಂದು ನಿರ್ಧರಿಸಿದ್ದೇನೆ. ಚೆಲ್ಟನ್‌ಹ್ಯಾಮ್‌ನಲ್ಲಿ ಮೊದಲ ಓಟಗಳು ಅಕ್ಟೋಬರ್ ಕೊನೆಯ ವಾರದಲ್ಲಿ. ಬೆಳಿಗ್ಗೆ ಎದ್ದಾಗ ಕ್ಲೀವ್ ಹಿಲ್ ಮೇಲೆ ಮೋಡ ಕವಿದಿತ್ತು. ಮಧ್ಯಾಹ್ನದವರೆಗೂ ಮಳೆ ಬರಲಿಲ್ಲ.